ದಿವ್ಯೆ ಬಾಬೆ ಗುಹೆಯ ತೂತುಬಿದ್ದ ಮೂಳೆ: ಅದು ನಿಜಕ್ಕೂ ಕೊಳಲೇ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಸ್ಲೊವೇನಿಯಾದ ದಿವ್ಯೆ ಬಾಬೆ ಎಂಬ ಗುಹೆಯಲ್ಲಿ 1995ರಲ್ಲಿ ದೊರೆತ, ತೂತುಗಳುಳ್ಳ ಮೂಳೆಯ ವಿಚಾರವಾಗಿ ತಿಳಿದವರ ಅಭಿಪ್ರಾಯ ಬೇಕಾಗಿದೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶಿಲಾಯುಗದ ಪಾಠಕ್ಕೆ ಪೂರಕವಾಗಿ ತರಗತಿಯ ಗೋಡೆಗೆ ಹಾಕುವ ಚಿತ್ರಪಟವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಈ ಮೂಳೆಯ ಚಿತ್ರದ ಕೆಳಗೆ ‘ಜಗತ್ತಿನ ಅತ್ಯಂತ ಹಳೆಯ ಸಂಗೀತವಾದ್ಯ’ ಎಂದು ಬರೆಯಬಹುದೇ ಎಂಬುದು ನನ್ನ ಪ್ರಶ್ನೆ.

ಲ್ಯುಬ್ಲಿಯಾನಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಇದನ್ನು ನಿಯಾಂಡರ್ತಾಲ್ ಮಾನವರ (ಈಗ ಅಳಿದುಹೋಗಿರುವ ಪ್ರಾಚೀನ ಮಾನವ ಕುಲದವರ) ಕೊಳಲು ಎಂದೇ ಪ್ರದರ್ಶಿಸುತ್ತಿದೆ. ಆದರೆ ಇನ್ನು ಕೆಲವು ಬರಹಗಳು, ಅದು ಕೊಳಲೇ ಅಲ್ಲ, ಮಾಂಸಾಹಾರಿ ಪ್ರಾಣಿಯೊಂದು ಕಚ್ಚಿ ಎಸೆದ ಮೂಳೆ ಎನ್ನುತ್ತವೆ. ಎರಡೂ ಕಡೆ ವಿದ್ವಾಂಸರೇ ಇರುವುದರಿಂದ ಯಾರನ್ನು ನಂಬಬೇಕೆಂದು ತಿಳಿಯುತ್ತಿಲ್ಲ. ಈ ಮೂಳೆಯ ಪ್ರತಿಕೃತಿಯನ್ನು ಸಂಗೀತಗಾರರೊಬ್ಬರು ಚೆನ್ನಾಗಿ ನುಡಿಸಿದ್ದಾರೆಂದೂ ಓದಿದೆ. ನುಡಿಸಲು ಬರುತ್ತದೆ ಎಂದ ಮೇಲೆ ಅದು ವಾದ್ಯವೆಂದು ಒಪ್ಪಲು ಇರುವ ಅಡ್ಡಿಯೇನು? ಮಕ್ಕಳು ಇದೇ ಪ್ರಶ್ನೆಯನ್ನು ಖಂಡಿತ ಕೇಳುತ್ತಾರೆ. ಅವರಿಗೆ ತೂಕವಿರುವ ಉತ್ತರ ಕೊಡಬೇಕೆಂಬ ಆಸೆಯಿಂದ ಕೇಳುತ್ತಿದ್ದೇನೆ.

ಉತ್ತರ 1: ಪ್ರಾಣಿಮೂಳೆಗಳ ಅಧ್ಯಯನ ಮಾಡುವ ಪುರಾತತ್ವ ಸಂಶೋಧಕ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ದಯವಿಟ್ಟು ಹಾಗೆ ಬರೆಯಬೇಡಿ. ಅದು ಕೊಳಲಲ್ಲವೆಂದು ಸಾಬೀತಾಗಿದೆ ಎಂಬ ಕಾರಣಕ್ಕೆ ಹೀಗೆ ಹೇಳುತ್ತಿಲ್ಲ. ಕೊಳಲೆಂದು ಸಾಬೀತಾಗಿಲ್ಲ ಎಂಬುದೇ ಕಾರಣ. ಈ ಎರಡು ಮಾತುಗಳ ನಡುವೆ ಬಹಳ ಅಂತರವಿದೆ, ಮತ್ತು ಈ ಮೂಳೆಯ ಕುರಿತ ಜಗಳವೆಲ್ಲ ಆ ಅಂತರದಲ್ಲೇ ನಡೆದಿದೆ.

ಯಾರೂ ತಕರಾರು ಮಾಡದ ಸಂಗತಿಗಳನ್ನು ಮೊದಲು ಹೇಳುತ್ತೇನೆ. ದಿವ್ಯೆ ಬಾಬೆ ಗುಹೆಯು ಪಶ್ಚಿಮ ಸ್ಲೊವೇನಿಯಾದ ಟ್ಸೆರ್ಕ್ನೊ ಊರಿನ ಸಮೀಪ, ಇದ್ರಿಯ್ಟ್ಸಾ ನದಿಯ ಪಾತ್ರದಿಂದ ಸುಮಾರು 230 ಮೀಟರ್ ಎತ್ತರದ ಗುಡ್ಡದ ಮಗ್ಗುಲಲ್ಲಿದೆ. ಪುರಾತತ್ವಜ್ಞ ಇವಾನ್ ಟುರ್ಕ್ ಅವರ ತಂಡ ಅಲ್ಲಿ ಉತ್ಖನನ ನಡೆಸುತ್ತಿದ್ದಾಗ, ಕಲ್ಲುಚೂರುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗಿದ್ದ ಪದರವೊಂದರಲ್ಲಿ ಈ ತುಂಡು ಸಿಕ್ಕಿತು. ಅದು ಒಂದೆರಡು ವರ್ಷ ವಯಸ್ಸಿನ ಗುಹಾಕರಡಿಯ ಮರಿಯ ಎಡ ತೊಡೆಮೂಳೆ. ಉಳಿದಿರುವ ಉದ್ದ ಸುಮಾರು 11 ಸೆಂಟಿಮೀಟರ್. ನಡುಭಾಗದಲ್ಲಿ ಒಂದೇ ಸಾಲಿನಲ್ಲಿ ಎರಡು ಪೂರ್ಣ ತೂತುಗಳಿವೆ. ಮುರಿದ ತುದಿಗಳಲ್ಲಿ ಅರೆವೃತ್ತಾಕಾರದ ಕಚ್ಚುಗಳಿದ್ದು, ಅವು ಇನ್ನಷ್ಟು ತೂತುಗಳ ಅವಶೇಷವಿರಬಹುದು. ಅದೇ ಗುಹೆಯಲ್ಲಿ ನಿಯಾಂಡರ್ತಾಲರು ಬಳಸುತ್ತಿದ್ದ ಮುಸ್ತೇರಿಯನ್ ಬಗೆಯ ಕಲ್ಲಿನ ಉಪಕರಣಗಳೂ ಬೆಂಕಿ ಹಾಕಿದ ಗುರುತುಗಳೂ ದೊರೆತಿವೆ. ಮೊದಲು ಇಂಗಾಲದ ಕಾಲಮಾಪನದಿಂದ ಪದರದ ವಯಸ್ಸು ಸುಮಾರು 43,000 ವರ್ಷವೆಂದು ಹೇಳಲಾಗಿತ್ತು. ನಂತರ ಗುಹಾಕರಡಿಯ ಹಲ್ಲುಗಳ ಮೇಲೆ ಬೇರೊಂದು ವಿಧಾನದಿಂದ ನಡೆದ ಮಾಪನವು ಅದನ್ನು 50,000ದಿಂದ 60,000 ವರ್ಷಗಳ ಹಿಂದಕ್ಕೆ ಒಯ್ದಿತು. ನೀವು ಓದಿರಬಹುದಾದ 60,000 ಎಂಬ ಸಂಖ್ಯೆ ಬಂದದ್ದು ಅಲ್ಲಿಂದ.

ಇಷ್ಟರವರೆಗೆ ಎಲ್ಲರೂ ಒಪ್ಪುತ್ತಾರೆ. ಆ ತೂತುಗಳನ್ನು ಮಾಡಿದವರು ಯಾರು ಎಂಬಲ್ಲಿಂದ ದಾರಿ ಕವಲೊಡೆಯುತ್ತದೆ.

ಆ ಗುಹೆ ಮುಖ್ಯವಾಗಿ ಗುಹಾಕರಡಿಗಳ ಬೀಡಾಗಿತ್ತು ಎಂಬುದನ್ನು ಮರೆಯಬಾರದು. ಚಳಿಗಾಲದ ದೀರ್ಘನಿದ್ದೆಗೆಂದು ಒಳಹೋದ ಕರಡಿಗಳಲ್ಲಿ, ವಿಶೇಷವಾಗಿ ಮರಿಗಳಲ್ಲಿ, ಎಷ್ಟೋ ಅಲ್ಲಿಯೇ ಸಾಯುತ್ತಿದ್ದವು. ಸಾವಿರಾರು ವರ್ಷಗಳ ಕಾಲ ಹೀಗೆ ಸೇರಿಕೊಂಡ ಮೂಳೆಗಳೇ ಅಲ್ಲಿ ದೊರೆತ ಪ್ರಾಣಿ ಅವಶೇಷಗಳ ಬಹುಪಾಲು. ಸತ್ತ ಮರಿಗಳನ್ನು ತಿನ್ನಲು ತೋಳಗಳೂ ಬೇರೆ ಮಾಂಸಾಹಾರಿಗಳೂ ಇತರ ಕರಡಿಗಳೂ ಬರುತ್ತಿದ್ದವು. ಉದ್ದ ಮೂಳೆಯೊಂದು ಇಂತಹ ಪ್ರಾಣಿಗೆ ಸಿಕ್ಕಾಗ ಅದು ಮೊದಲು ಕಡಿಯುವುದು ಎರಡು ತುದಿಗಳನ್ನು, ಏಕೆಂದರೆ ಅಲ್ಲಿನ ಮೂಳೆ ಸ್ಪಂಜಿನಂತೆ ಮೃದುವಾಗಿದ್ದು ಕೊಬ್ಬಿನಿಂದ ತುಂಬಿರುತ್ತದೆ. ತುದಿಗಳು ಹೋದ ಮೇಲೆ ಉಳಿಯುವುದು ಕೊಳವೆಯಾಕಾರದ ನಡುಭಾಗ. ಬೆಳೆದ ಪ್ರಾಣಿಯ ಮೂಳೆಯಾದರೆ ಬಲವಾಗಿ ಕಚ್ಚಿದಾಗ ಸೀಳಿಹೋಗಬಹುದು. ಮರಿಯ ಮೂಳೆಯಲ್ಲಿ ಖನಿಜಾಂಶ ಕಡಿಮೆಯಾಗಿ ಸ್ವಲ್ಪ ಬಾಗುವ ಗುಣ ಇರುವುದರಿಂದ, ಅದು ಸೀಳದೆ ಹಲ್ಲಿನ ತುದಿಯನ್ನು ಒಳಗೆ ಬಿಟ್ಟುಕೊಂಡು ದುಂಡನೆಯ ತೂತಾಗುವುದುಂಟು. ಎಂದರೆ, ತೂತುಗಳಿರುವ ಟೊಳ್ಳು ಕೊಳವೆಯೊಂದು ರೂಪುಗೊಳ್ಳಲು ಮನುಷ್ಯನ ಕೈ ಬೇಕೇ ಬೇಕೆಂದಿಲ್ಲ.

1998ರಲ್ಲಿ ಫ್ರಾಂಚೆಸ್ಕೊ ದೆರಿಕೊ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿದ್ದು ಇದನ್ನೇ. ಮನುಷ್ಯರ ಸುಳಿವಿಲ್ಲದ ಕರಡಿಗುಹೆಗಳ ಮೂಳೆರಾಶಿಗಳಲ್ಲೂ ಇದೇ ಗಾತ್ರದ, ಇದೇ ಆಕಾರದ ತೂತುಗಳಿರುವ ಮೂಳೆಗಳನ್ನು ಅವರು ತೋರಿಸಿದರು. ಅದೇ ವರ್ಷ ಫಿಲಿಪ್ ಚೇಸ್ ಮತ್ತು ಏಪ್ರಿಲ್ ನೊವೆಲ್ ಅವರು, ಮೂಳೆಯ ಎರಡೂ ತುದಿಗಳು ಪ್ರಾಣಿಗಳು ಕಡಿದು ಹಾಳಾಗಿರುವುದರತ್ತ ಗಮನ ಸೆಳೆದರು. ತೂತುಗಳ ಅಂಚಿನಲ್ಲಿ ಕಲ್ಲಿನ ಅಲಗಿನಿಂದ ಕೆತ್ತಿದ ಗೀರುಗಳಾಗಲಿ, ಕೊರೆಯುವಾಗ ಉಳಿಯುವ ಸುತ್ತುಗೆರೆಗಳಾಗಲಿ ಸ್ಪಷ್ಟವಾಗಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಇದು ಗಂಭೀರವಾದ ಕೊರತೆ.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಅವಶ್ಯವಾಗಿ ಹೇಳಿ. ತೂತುಗಳು ಒಂದೇ ಸಾಲಿನಲ್ಲಿರುವುದು ನಮ್ಮ ಕಣ್ಣಿಗೆ ಉದ್ದೇಶಪೂರ್ವಕವಾಗಿ ಕಾಣುತ್ತದೆ. ಆದರೆ ನಾವು ನೋಡುತ್ತಿರುವುದು ಅಪಾರ ಮೂಳೆರಾಶಿಯಿಂದ ಆರಿಸಿ ತೆಗೆದ ಒಂದೇ ಒಂದು ತುಂಡನ್ನು. ಒಂದು ತೂತಿನ ಮೂಳೆಗಳು, ಅಡ್ಡಾದಿಡ್ಡಿ ತೂತಿನ ಮೂಳೆಗಳು, ಕಚ್ಚಿ ಪುಡಿಯಾದ ಮೂಳೆಗಳು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಕೊಳಲಿನಂತೆ ಕಂಡದ್ದನ್ನು ಆರಿಸಿಕೊಂಡು, ಆಮೇಲೆ ಅದು ಕೊಳಲಿನಂತಿದೆ ಎಂಬುದನ್ನೇ ಸಾಕ್ಷ್ಯವಾಗಿ ಮುಂದಿಡುವುದು ಸರಿಯಾದ ತರ್ಕವಲ್ಲ.

ಉತ್ತರ 2: ಕೊಳಲು ವಾದಕ

ಶಿಕ್ಷಕಿಯವರ ಎರಡನೆಯ ಪ್ರಶ್ನೆ, ಅಂದರೆ ನುಡಿಸಲು ಬರುವುದಾದರೆ ಅದು ವಾದ್ಯವಲ್ಲವೇ ಎಂಬುದು, ನನ್ನ ಕಸುಬಿಗೆ ಸಂಬಂಧಿಸಿದ್ದು. ಆದ್ದರಿಂದ ಅದಕ್ಕಷ್ಟೇ ಉತ್ತರಿಸುತ್ತೇನೆ.

ಲ್ಯುಬ್ಲಿಯಾನಾದ ಸಂಗೀತಗಾರ ಲ್ಯುಬೆನ್ ದಿಮ್ಕಾರೊಸ್ಕಿ ಅವರು ಈ ಮೂಳೆಯ ಅನೇಕ ಪ್ರತಿಕೃತಿಗಳನ್ನು ಮಾಡಿ, ಮೂಳೆಯ ಒಂದು ತುದಿಯ ಅಂಚನ್ನೇ ಊದುವ ಬಾಯಿಯಾಗಿ ಬಳಸಿ, ಎರಡು ಸ್ಥಾಯಿಗಳಿಗೂ ಮೀರಿದ ವ್ಯಾಪ್ತಿಯಲ್ಲಿ ನುಡಿಸಿದರು. ಅವರ ಶ್ರದ್ಧೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಆ ವಾದನವನ್ನು ಕೇಳಿದವರು ಅದನ್ನು ಸಂಗೀತವಲ್ಲ ಎನ್ನಲಾರರು. ಆದರೆ ಆ ಸಂಗೀತ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು.

ತುದಿಯಿಂದ ಊದುವ ಕೊಳವೆಯಲ್ಲಿ ನಾದ ಹುಟ್ಟುವುದು ಉಸಿರಿನ ತೆಳುವಾದ ಧಾರೆ ಅಂಚಿಗೆ ಬಡಿದು ಒಳಹೊರಗೆ ಹೊಯ್ದಾಡುವುದರಿಂದ. ಶ್ರುತಿಯನ್ನು ಮೊದಲಿಗೆ ನಿರ್ಧರಿಸುವುದು ಒಳಗಿನ ಗಾಳಿಕಂಬದ ಉದ್ದ. ಎರಡೂ ತುದಿ ತೆರೆದಿರುವ 11 ಸೆಂಟಿಮೀಟರಿನ ಕೊಳವೆಯ ಮೂಲಸ್ವರವನ್ನು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1,400ರಿಂದ 1,500 ಕಂಪನಗಳಾಗುತ್ತವೆ, ಇದು ಬಹಳ ಎತ್ತರದ ತಾರಧ್ವನಿ. ಒಂದು ತುದಿಯನ್ನು ಬೆರಳಿನಿಂದ ಮುಚ್ಚಿದರೆ ಅದು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದರ ಮೇಲೆ ತೂತುಗಳ ಜಾಗ, ಅವುಗಳ ಅಗಲ, ಗೋಡೆಯ ದಪ್ಪ, ತುಟಿಯ ಕೋನ, ಉಸಿರಿನ ಒತ್ತಡ ಎಲ್ಲವೂ ಸೇರಿ ಶ್ರುತಿಯನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತವೆ. ಕರ್ನಾಟಕ ಸಂಗೀತದಲ್ಲಿ ವೇಣುವಾದಕರು ರಂಧ್ರವನ್ನು ಅರ್ಧ, ಕಾಲು ಭಾಗ ಮುಚ್ಚಿ, ತುಟಿಯನ್ನು ಕೊಂಚ ಹೊರಳಿಸಿ ಎರಡು ಸ್ವರಗಳ ನಡುವಿನ ಎಲ್ಲ ಸೂಕ್ಷ್ಮ ಸ್ಥಾನಗಳನ್ನೂ ಮುಟ್ಟುತ್ತಾರೆ. ನಮ್ಮ ಗಮಕಗಳೆಲ್ಲ ಹೊರಡುವುದು ಹೀಗೆಯೇ. ವರ್ಷಗಟ್ಟಲೆ ಅಭ್ಯಾಸ ಮಾಡಿದ ವಾದಕನಿಗೆ ಎರಡು ತೂತುಗಳ ಕೊಳವೆಯಿಂದ ಒಂದು ಪೂರ್ಣ ಸ್ವರಶ್ರೇಣಿಯನ್ನು ಹೊರಡಿಸುವುದು ಕಷ್ಟವಾದರೂ ಅಸಾಧ್ಯವಲ್ಲ. ಆ ಶ್ರೇಣಿ ಅವನ ಕಿವಿಯಲ್ಲಿ ಮೊದಲೇ ಇರುತ್ತದೆ, ಅವನು ಮೂಳೆಯನ್ನು ಅದಕ್ಕೆ ಒಗ್ಗಿಸಿಕೊಳ್ಳುತ್ತಾನೆ. ಹೀಗಾಗಿ ಪ್ರತಿಕೃತಿ ಚೆನ್ನಾಗಿ ನುಡಿಯಿತು ಎಂಬುದು ಆ ಆಕಾರದಿಂದ ನಾದ ಹೊರಡುವುದು ಸಾಧ್ಯ ಎಂಬುದನ್ನು ತೋರಿಸುತ್ತದೆ. ತೂತು ಮಾಡಿದವರ ಉದ್ದೇಶ ಅದರಿಂದ ತಿಳಿಯುವುದಿಲ್ಲ. ಪ್ರಾಣಿಯ ಹಲ್ಲಿನಿಂದ ಆದ ತೂತೇ ಇದ್ದರೂ ಕೊಳವೆ ಅದೇ ರೀತಿ ನುಡಿಯುತ್ತಿತ್ತು.

ಇದೇ ಕಾರಣಕ್ಕೆ ಕೆನಡಾದ ಬಾಬ್ ಫಿಂಕ್ ಅವರ ವಾದ ನನಗೆ ಒಪ್ಪಿಗೆಯಾಗಿಲ್ಲ. ಮೂಳೆಯ ತೂತುಗಳ ನಡುವಿನ ಅಂತರಗಳು ಪಾಶ್ಚಾತ್ಯ ಸಂಗೀತದ ಏಳು ಸ್ವರಗಳ ಶ್ರೇಣಿಯ ಒಂದು ಭಾಗಕ್ಕೆ ಸರಿಹೊಂದುತ್ತವೆ ಎಂದು ಅವರು 1997ರಲ್ಲಿ ಹೇಳಿದ್ದರು. ಆ ಹೊಂದಿಕೆ ಬರಬೇಕಾದರೆ ಮೂಲ ಕೊಳಲು ಈಗಿನ ತುಂಡಿಗಿಂತ ಬಹಳ ಉದ್ದವಿರಬೇಕಾಗುತ್ತದೆ, ಮರಿಕರಡಿಯ ತೊಡೆಮೂಳೆ ಅಷ್ಟು ಉದ್ದ ಇರುವುದೇ ಇಲ್ಲ ಎಂದು ನೊವೆಲ್ ಮತ್ತು ಚೇಸ್ ಆಕ್ಷೇಪಿಸಿದರು. ಅದು ಸರಿಯಾದ ಆಕ್ಷೇಪ. ಅದಿಲ್ಲದಿದ್ದರೂ, ಪೂರ್ಣವಾಗಿ ಉಳಿದಿರುವ ತೂತುಗಳೇ ಎರಡಾಗಿರುವಾಗ, ತುದಿಯ ಅರೆತೂತುಗಳನ್ನು ಊಹೆಯಿಂದ ಪೂರ್ಣಗೊಳಿಸಿ ಒಂದು ಶ್ರೇಣಿಯನ್ನು ಕಟ್ಟುವುದೆಂದರೆ ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಲೆಕ್ಕ ಮಾಡಿದಂತಾಗುತ್ತದೆ. ಏಳು ಸ್ವರಗಳ ಆ ವ್ಯವಸ್ಥೆಯೇ ಮನುಷ್ಯನ ಎಲ್ಲ ಸಂಗೀತದ ಮೂಲ ಎಂಬ ಗ್ರಹಿಕೆಯೂ ಅದರ ಹಿಂದಿದೆ. ಜಗತ್ತಿನ ಅನೇಕ ಸಂಗೀತ ಪರಂಪರೆಗಳು ಐದೇ ಸ್ವರಗಳಿಂದ, ಕೆಲವು ಅದಕ್ಕೂ ಕಡಿಮೆ ಸ್ವರಗಳಿಂದ ಸಮೃದ್ಧವಾಗಿ ಬದುಕಿವೆ.

ಉತ್ತರ 3: ಪ್ರಾಗಿತಿಹಾಸದ ಓದುಗ

ಮೊದಲ ಉತ್ತರ ಬರೆದ ಸಂಶೋಧಕರ ಮಾತನ್ನು ನಾನು ಗೌರವಿಸುತ್ತೇನೆ. ಆದರೂ ಅವರು ಒಂದು ಪಕ್ಷದ ವಾದವನ್ನು ವಿಸ್ತಾರವಾಗಿ ಹೇಳಿ ಇನ್ನೊಂದನ್ನು ಬಿಟ್ಟಿದ್ದಾರೆಂದು ನನಗೆ ಅನ್ನಿಸಿತು. ಟುರ್ಕ್ ಮತ್ತು ಅವರ ಜೊತೆಗಾರರು ಈ ಆಕ್ಷೇಪಗಳನ್ನು ಕೇಳಿ ಸುಮ್ಮನೆ ಕುಳಿತವರಲ್ಲ.

ಪ್ರಾಣಿಗಳ ಹಲ್ಲಿನ ಲೋಹದ ಅಚ್ಚುಗಳನ್ನು ಮಾಡಿಸಿ, ತಾಜಾ ಕರಡಿಮೂಳೆಗಳ ಮೇಲೆ ಒತ್ತಿ ಅವರು ಪ್ರಯೋಗ ನಡೆಸಿದರು. ತೂತುಗಳಿರುವುದು ಮೂಳೆಯ ನಡುಭಾಗದಲ್ಲಿ, ಅಂದರೆ ಗೋಡೆ ಅತ್ಯಂತ ದಪ್ಪವಾಗಿರುವ ಜಾಗದಲ್ಲಿ. ಮಾಂಸಾಹಾರಿಗಳು ಸಾಮಾನ್ಯವಾಗಿ ತೂತು ಮಾಡುವುದು ಗೋಡೆ ತೆಳುವಾಗಿರುವ ತುದಿಗಳ ಬಳಿ. ದಪ್ಪವಿರುವ ಕಡೆ ಅಷ್ಟು ಬಲ ಹಾಕಿದರೆ ಮೂಳೆ ಬಿರುಕು ಬಿಡುವ ಸಂಭವ ಹೆಚ್ಚು, ಮತ್ತು ಎದುರು ದವಡೆಯ ಹಲ್ಲಿನ ಗುರುತು ಹಿಂಬದಿಯಲ್ಲಿ ಆಳವಾಗಿ ಬೀಳಬೇಕು. ದಿವ್ಯೆ ಬಾಬೆಯ ಮೂಳೆಯಲ್ಲಿ ಈ ಎರಡು ತೂತುಗಳಿಗೆ ಸರಿಯಾಗಿ ಹೊಂದುವ ಎದುರುಗುರುತುಗಳಿಲ್ಲ ಎಂಬುದು ಅವರ ನಿಲುವು. ದೆರಿಕೊ ಅವರು ಅಂತಹ ಗುರುತುಗಳು ಇವೆ ಎನ್ನುತ್ತಾರೆ. ಒಂದೇ ಮೂಳೆಯನ್ನು ನೋಡಿ ಇಬ್ಬರು ಅನುಭವಿಗಳು ಹೀಗೆ ವಿರುದ್ಧ ಮಾತು ಹೇಳುವಾಗ, ‘ಗುರುತು ಇದೆ’ ಎಂಬುದನ್ನು ತೀರ್ಪೆಂದು ಸ್ವೀಕರಿಸುವುದು ಆತುರವಾಗುತ್ತದೆ.

ಕಲ್ಲಿನ ಉಪಕರಣದ ಗೀರುಗಳಿಲ್ಲ ಎಂಬ ವಾದಕ್ಕೂ ಉತ್ತರವಿದೆ. ಅಲಗಿನಿಂದ ಕೆರೆದರೆ ಗೀರು ಉಳಿಯುತ್ತದೆ, ತಿರುಗಿಸಿ ಕೊರೆದರೆ ಸುತ್ತುಗೆರೆ ಉಳಿಯುತ್ತದೆ. ಆದರೆ ಚೂಪಾದ ಕಲ್ಲನ್ನು ಉಳಿಯಂತೆ ಇಟ್ಟು, ಮೇಲಿನಿಂದ ತಟ್ಟಿ, ಸ್ವಲ್ಪ ಸ್ವಲ್ಪವಾಗಿ ಚಕ್ಕೆ ಎಬ್ಬಿಸಿದರೆ ಅಂಕುಡೊಂಕು ಅಂಚಿನ ತೂತಾಗುತ್ತದೆ, ಮತ್ತು ಅದರಲ್ಲಿ ಗೀರುಗಳು ಇರಬೇಕಾಗಿಲ್ಲ. ಆ ಗುಹೆಯಲ್ಲಿ ದೊರೆತ ಉಪಕರಣಗಳನ್ನು ಹೋಲುವ ಕಲ್ಲುಗಳಿಂದಲೇ ಪ್ರಯೋಗ ಮಾಡಿ ಇದನ್ನು ತೋರಿಸಲಾಗಿದೆ. ಇಂತಹ ಕೆಲಸದಲ್ಲಿ ಕಲ್ಲಿನ ತುದಿ ಮುರಿಯುವ ರೀತಿಯೂ, ಗುಹೆಯಲ್ಲಿ ಸಿಕ್ಕ ಕೆಲವು ಕಲ್ಲುಗಳ ತುದಿ ಮುರಿದಿರುವ ರೀತಿಯೂ ಹೋಲುತ್ತವೆ ಎಂದು ಅವರು ಬರೆದಿದ್ದಾರೆ.

ಇನ್ನು ತುದಿಗಳನ್ನು ಪ್ರಾಣಿ ಕಡಿದಿದೆ ಎಂಬ ಮಾತು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಯಾವಾಗ ಕಡಿದದ್ದು? ಕರಡಿಗಳೂ ತೋಳಗಳೂ ಓಡಾಡುವ ಗುಹೆಯಲ್ಲಿ ಮನುಷ್ಯ ಬಿಟ್ಟುಹೋದ ಮೂಳೆಯ ವಸ್ತುವನ್ನು ಆಮೇಲೆ ಪ್ರಾಣಿಗಳು ಕಚ್ಚುವುದು ಸಹಜವೇ ಅಲ್ಲವೇ? 2012ರಲ್ಲಿ ಪ್ರಕಟವಾದ, ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಆಧಾರಿತ ಅಧ್ಯಯನವು, ಟುರ್ಕ್ ಮತ್ತು ದಿಮ್ಕಾರೊಸ್ಕಿ ಅವರೂ ಅದರ ಲೇಖಕರಲ್ಲಿದ್ದರು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ, ತೂತುಗಳನ್ನು ಮನುಷ್ಯರೇ ಮಾಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು.

2015ರಲ್ಲಿ ಕಾಯುಸ್ ಡೀಡ್ರಿಖ್ ಅವರು ಇಂತಹ ‘ನಿಯಾಂಡರ್ತಾಲ್ ಕೊಳಲು’ಗಳೆಲ್ಲವೂ ಹಿಮಯುಗದ ಕತ್ತೆಕಿರುಬಗಳು ದವಡೆಹಲ್ಲಿನಿಂದ ಕಚ್ಚಿದ ಮರಿಕರಡಿಗಳ ಮೂಳೆಗಳೇ ಎಂದು ಬರೆದರು. ಆ ಲೇಖನವನ್ನು ಓದಿದ ಬಹಳ ಜನ ವಿವಾದ ಮುಗಿಯಿತೆಂದು ಭಾವಿಸಿದ್ದಾರೆ. ಆದರೆ ದಿವ್ಯೆ ಬಾಬೆ ಗುಹೆಯಲ್ಲಿ ಕತ್ತೆಕಿರುಬಗಳು ಇದ್ದವೆಂಬುದಕ್ಕೇ ಆಧಾರ ಸಿಕ್ಕಿಲ್ಲ ಎಂದು ಟುರ್ಕ್ ಅವರ ಕಡೆಯವರು ಉತ್ತರಿಸಿದ್ದಾರೆ. ಅಪರಾಧಿಯನ್ನು ಹೆಸರಿಸಿದ ಮೇಲೆ ಅವನು ಆ ಜಾಗದಲ್ಲಿ ಇದ್ದನೆಂದಾದರೂ ತೋರಿಸಬೇಕಲ್ಲವೇ?

ಕೊನೆಗೆ, ನಿಯಾಂಡರ್ತಾಲರ ಬಗ್ಗೆ ನಮ್ಮ ತಿಳಿವಳಿಕೆ 1995ರಲ್ಲಿದ್ದಂತೆ ಈಗಿಲ್ಲ. ಫ್ರಾನ್ಸಿನ ಬ್ರೂನಿಕೆಲ್ ಗುಹೆಯ ಆಳದಲ್ಲಿ ಅವರು ಸುಣ್ಣದ ಕಲ್ಲುಕಂಬಗಳನ್ನು ಮುರಿದು ಜೋಡಿಸಿದ ವೃತ್ತಗಳು ಸುಮಾರು 1,76,000 ವರ್ಷ ಹಳೆಯವು. ಕ್ರೊಯೇಷಿಯಾದ ಕ್ರಾಪಿನಾದಲ್ಲಿ ಹದ್ದಿನ ಉಗುರುಗಳನ್ನು ಅವರು ಆಭರಣವಾಗಿ ಬಳಸಿದ ಗುರುತುಗಳು ಸಿಕ್ಕಿವೆ. ಇಂತಹವರು ಮೂಳೆಗೆ ತೂತು ಹಾಕಿ ಊದಿರಲಾರರು ಎಂಬ ಹಳೆಯ ಪೂರ್ವಗ್ರಹಕ್ಕೆ ಈಗ ಜಾಗವಿಲ್ಲ.

ಉತ್ತರ 1ರ ಸಂಶೋಧಕರಿಂದ ಮರುಮಾತು

ಮೇಲಿನ ಆಕ್ಷೇಪಗಳಲ್ಲಿ ಎರಡು ಬಲವಾದವು. ತುದಿಗಳನ್ನು ಪ್ರಾಣಿಗಳು ನಂತರ ಕಡಿದಿರಬಹುದು ಎಂಬುದು ನಿಜ, ಆದ್ದರಿಂದ ತುದಿಗಳ ಸ್ಥಿತಿಯೊಂದರಿಂದಲೇ ತೂತುಗಳ ಪ್ರಶ್ನೆ ತೀರ್ಮಾನವಾಗುವುದಿಲ್ಲ. ಕತ್ತೆಕಿರುಬದ ವಿಷಯದಲ್ಲೂ ನನ್ನ ಒಪ್ಪಿಗೆಯಿದೆ. ಡೀಡ್ರಿಖ್ ಅವರ ಲೇಖನ ಬೇರೆ ಬೇರೆ ಗುಹೆಗಳ ಮೂಳೆಗಳನ್ನು ಒಂದೇ ವಿವರಣೆಯಲ್ಲಿ ಸೇರಿಸಿಬಿಡುತ್ತದೆ, ಮತ್ತು ಅಲ್ಲಿ ಇರುವ ಖಚಿತತೆಯಷ್ಟು ಆಧಾರ ಅಲ್ಲಿಲ್ಲ. ಆದರೆ ಕತ್ತೆಕಿರುಬವನ್ನು ಹೊರಗಿಟ್ಟರೂ ತೋಳ ಮತ್ತು ಕರಡಿ ಉಳಿದೇ ಉಳಿಯುತ್ತವೆ.

ನಿಯಾಂಡರ್ತಾಲರ ಸಾಮರ್ಥ್ಯದ ಮಾತಿಗೆ ಮಾತ್ರ ನಾನು ಒಪ್ಪಲಾರೆ. ಅವರು ಸಮರ್ಥರಾಗಿದ್ದರು ಎಂಬುದನ್ನು ನಾನು ಸಂತೋಷದಿಂದ ನಂಬುತ್ತೇನೆ. ಅವರು ಹಾಡುತ್ತಿದ್ದಿರಬಹುದು, ಕೈ ತಟ್ಟುತ್ತಿದ್ದಿರಬಹುದು, ಮರದ ಅಥವಾ ಜೊಂಡಿನ ಕೊಳವೆಯನ್ನು ಊದುತ್ತಿದ್ದಿರಲೂಬಹುದು. ಅವು ಯಾವುವೂ ಮಣ್ಣಿನಲ್ಲಿ 50,000 ವರ್ಷ ಉಳಿಯುವಂಥವಲ್ಲ. ಆದರೆ ಮಾಡಬಲ್ಲವರಾಗಿದ್ದರು ಎಂಬುದರಿಂದ ಈ ನಿರ್ದಿಷ್ಟ ಮೂಳೆಯನ್ನು ಅವರೇ ಮಾಡಿದರು ಎಂದಾಗುವುದಿಲ್ಲ. ಹಾಗೆಯೇ ಈ ಮೂಳೆ ಕರಡಿಯ ಕಡಿತದ್ದೆಂದು ನಾಳೆ ಖಚಿತವಾದರೆ ಅದರಿಂದ ನಿಯಾಂಡರ್ತಾಲರ ಘನತೆಗೆ ಏನೂ ಕುಂದಿಲ್ಲ. ಒಂದು ಜನಸಮುದಾಯದ ಬುದ್ಧಿಯ ಕುರಿತ ದೊಡ್ಡ ಚರ್ಚೆಯನ್ನೆಲ್ಲ 11 ಸೆಂಟಿಮೀಟರಿನ ಒಂದು ತುಂಡಿನ ಮೇಲೆ ಹೇರಿದ್ದರಿಂದಲೇ ಎರಡೂ ಕಡೆಯವರ ದನಿ ಅಗತ್ಯಕ್ಕಿಂತ ಏರಿತು ಎಂಬುದು ನನ್ನ ಅಭಿಪ್ರಾಯ.

ಶಿಕ್ಷಕಿಯವರ ಮುಂದಿನ ಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ನಾನು ನಿರೀಕ್ಷಿಸಿರಲಿಲ್ಲ. ಹಾಗಾದರೆ ಯಾರ ತಕರಾರೂ ಇಲ್ಲದ, ಇದು ಕೊಳಲೇ ಎಂದು ಎಲ್ಲರೂ ಒಪ್ಪುವ ಹಳೆಯ ವಾದ್ಯ ಯಾವುದು? ಅದರಲ್ಲಿ ಇದ್ದು ದಿವ್ಯೆ ಬಾಬೆಯ ಮೂಳೆಯಲ್ಲಿ ಇಲ್ಲದಿರುವುದೇನು? ಎರಡನ್ನೂ ಅಕ್ಕಪಕ್ಕದಲ್ಲಿ ಹಾಕಿದರೆ ಮಕ್ಕಳಿಗೆ ಸುಲಭವಾಗಿ ಅರ್ಥವಾಗಬಹುದು. ದಿವ್ಯೆ ಬಾಬೆಯ ವಿವಾದ ಮುಂದೆ ಹೇಗೆ ಬಗೆಹರಿಯಬಹುದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4: ಪುರಾತತ್ವ ಸ್ನಾತಕೋತ್ತರ ವಿದ್ಯಾರ್ಥಿನಿ

ಮೇಡಂ, ಅಕ್ಕಪಕ್ಕದಲ್ಲಿ ಹಾಕುವ ನಿಮ್ಮ ಯೋಚನೆ ಬಹಳ ಚೆನ್ನಾಗಿದೆ. ದಕ್ಷಿಣ ಜರ್ಮನಿಯ ಸ್ವಾಬಿಯನ್ ಯೂರಾ ಬೆಟ್ಟಸಾಲಿನ ಹೋಲೆ ಫೆಲ್ಸ್ ಗುಹೆಯ ಕೊಳಲಿನ ಚಿತ್ರವನ್ನು ತೆಗೆದುಕೊಳ್ಳಿ. ನಿಕೊಲಸ್ ಕೊನಾರ್ಡ್ ಅವರ ತಂಡಕ್ಕೆ 2008ರಲ್ಲಿ ಇದು 12 ತುಂಡುಗಳಾಗಿ ಸಿಕ್ಕಿ, 2009ರಲ್ಲಿ ಅದರ ವಿವರ ಪ್ರಕಟವಾಯಿತು. ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ ಈ ಕೊಳಲು ಸುಮಾರು 22 ಸೆಂಟಿಮೀಟರ್ ಉದ್ದವಿದ್ದು, ಐದು ಸ್ವರರಂಧ್ರಗಳನ್ನು ಹೊಂದಿದೆ. ಊದುವ ತುದಿಯಲ್ಲಿ ಆಂಗ್ಲದ ‘ವಿ’ ಅಕ್ಷರದ ಆಕಾರದ ಎರಡು ಕಚ್ಚುಗಳನ್ನು ಕೆತ್ತಲಾಗಿದೆ. ರಂಧ್ರಗಳ ಸುತ್ತ ಮೂಳೆಯನ್ನು ಕಲ್ಲಿನ ಉಪಕರಣದಿಂದ ತೆಳುವಾಗಿಸಿರುವುದು ಕಾಣುತ್ತದೆ, ಮತ್ತು ರಂಧ್ರ ಎಲ್ಲಿ ಬರಬೇಕೆಂದು ಅಳತೆ ಮಾಡಿ ಹಾಕಿಕೊಂಡಂತಿರುವ ಸಣ್ಣ ಗೆರೆಗಳೂ ಇವೆ. ಮಾಡಿದವನ ಲೆಕ್ಕಾಚಾರವೇ ಮೂಳೆಯ ಮೇಲೆ ಉಳಿದಿರುವಾಗ ಅನುಮಾನಕ್ಕೆ ಜಾಗವೆಲ್ಲಿ?

ಅದೇ ಬೆಟ್ಟಸಾಲಿನ ಗೈಸೆನ್‌ಕ್ಲೋಸ್ಟರ್ಲೆ ಗುಹೆಯಲ್ಲಿ ಹಂಸದ ಮೂಳೆಯ ಕೊಳಲೂ ಮ್ಯಾಮತ್ ದಂತದ ಕೊಳಲೂ ಸಿಕ್ಕಿವೆ. ನನಗೆ ಅತ್ಯಂತ ಪ್ರಬಲ ಸಾಕ್ಷ್ಯವಾಗಿ ಕಾಣುವುದು ದಂತದ ಕೊಳಲೇ. ಹಕ್ಕಿಯ ಮೂಳೆ ಸ್ವಭಾವತಃ ಟೊಳ್ಳು, ದಂತ ಹಾಗಲ್ಲ. ಮೊದಲು ದಂತದ ಕಡ್ಡಿಯನ್ನು ಕೆತ್ತಿ, ಉದ್ದಕ್ಕೆ ಎರಡಾಗಿ ಸೀಳಿ, ಎರಡೂ ಹೋಳುಗಳನ್ನು ಒಳಗಿನಿಂದ ತೋಡಿ, ಗಾಳಿ ಸೋರದಂತೆ ಮತ್ತೆ ಜೋಡಿಸಿದ್ದಾರೆ. ಯಾವ ಪ್ರಾಣಿಯ ದವಡೆಯೂ ಮಾಡಲಾರದ ಕೆಲಸವಿದು. ಈ ಪದರಗಳ ವಯಸ್ಸು 40,000 ವರ್ಷಗಳ ಆಸುಪಾಸು ಅಥವಾ ಅದಕ್ಕಿಂತ ತುಸು ಹೆಚ್ಚು. ಮಾಡಿದವರು ಆಧುನಿಕ ಮಾನವರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 2017ರಲ್ಲಿ ಈ ಗುಹೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಇಷ್ಟು ಪಳಗಿದ ಕೈಗಳ ವಾದ್ಯಗಳು ಅಲ್ಲಿ ಹಠಾತ್ತನೆ ಹುಟ್ಟಿರಲಾರವು, ಅವುಗಳ ಹಿಂದೆ ಇನ್ನೂ ಹಳೆಯ ಒಂದು ಪರಂಪರೆ ಇದ್ದಿರಬೇಕು. ಆ ಪರಂಪರೆಯ ಕುರುಹನ್ನು ದಿವ್ಯೆ ಬಾಬೆಯಲ್ಲಿ ಕಾಣುವ ಆಸೆ ನನಗೂ ಇದೆ. ಆದರೆ ಆಸೆಯನ್ನು ಪಟದ ಮೇಲೆ ಬರೆಯುವಂತಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆಯನ್ನೂ ಪಟಕ್ಕೆ ಸೇರಿಸಬಹುದು, ಏಕೆಂದರೆ ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ. ಬಳ್ಳಾರಿಯ ಹತ್ತಿರ ಸಂಗನಕಲ್ಲು ಮತ್ತು ಕಪ್ಪಗಲ್ಲು ಪ್ರದೇಶದ ಹಿರೇಗುಡ್ಡದಲ್ಲಿ, ನವಶಿಲಾಯುಗದ ನೆಲೆಯ ಬಳಿ, ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುವ ಡೋಲರೈಟ್ ಬಂಡೆಗಳಿವೆ. ಮೊಳಗುವ ಗುಣ ಪ್ರಕೃತಿಯದು, ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅವುಗಳಲ್ಲಿ ಕೆಲವು ಬಂಡೆಗಳ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಡಿದು ಆದ ತಗ್ಗುಗಳಿವೆ, ಮತ್ತು ಸುತ್ತಲೂ ಬಂಡೆಚಿತ್ರಗಳಿವೆ. ಈ ಬಡಿತದ ಗುರುತುಗಳ ಆಧಾರದ ಮೇಲೆಯೇ ನಿಕೋಲ್ ಬೊಯ್ವಿನ್ ಅವರು 2004ರಲ್ಲಿ ಆ ಬಂಡೆಗಳನ್ನು ನಾದಕ್ಕಾಗಿ ಬಳಸಿದ್ದರೆಂದು ವಾದಿಸಿದರು. ವಸ್ತುವಿನಿಂದ ನಾದ ಬರುತ್ತದೆ ಎಂಬುದು ಬೇರೆ, ಮನುಷ್ಯ ಅದನ್ನು ನಾದಕ್ಕಾಗಿ ಬಳಸಿದ್ದಾನೆಂದು ತೋರಿಸುವ ಗುರುತು ಬೇರೆ ಎಂಬುದನ್ನು ಮಕ್ಕಳು ಇಲ್ಲಿ ಸುಲಭವಾಗಿ ಕಾಣಬಹುದು.

ಪಟದ ಬರಹಕ್ಕೆ ನನ್ನ ಸಲಹೆ ಇದು. ಹೋಲೆ ಫೆಲ್ಸ್ ಚಿತ್ರದ ಕೆಳಗೆ ‘ಎಲ್ಲರೂ ಒಪ್ಪುವ ಅತ್ಯಂತ ಹಳೆಯ ಕೊಳಲುಗಳಲ್ಲಿ ಒಂದು’ ಎಂದು ಬರೆಯಿರಿ. ದಿವ್ಯೆ ಬಾಬೆಯ ಚಿತ್ರದ ಕೆಳಗೆ ‘ಮರಿಕರಡಿಯ ತೊಡೆಮೂಳೆ, 50,000ದಿಂದ 60,000 ವರ್ಷ. ಕೆಲವರ ಪ್ರಕಾರ ನಿಯಾಂಡರ್ತಾಲರ ಕೊಳಲು, ಕೆಲವರ ಪ್ರಕಾರ ಪ್ರಾಣಿ ಕಚ್ಚಿದ ಮೂಳೆ’ ಎಂದು ಬರೆದು, ತೂತುಗಳನ್ನು ಹತ್ತಿರದಿಂದ ತೋರಿಸುವ ಚಿತ್ರವನ್ನೂ ಹಾಕಿ, ಮಕ್ಕಳೇ ನೋಡಿ ಚರ್ಚಿಸಲಿ.

ವಿವಾದ ಬಗೆಹರಿಯುವ ಬಗೆಯನ್ನೂ ಕೇಳಿದಿರಿ. ಇದೇ ಮೂಳೆಯನ್ನು ಇನ್ನಷ್ಟು ದೊಡ್ಡದಾಗಿ ಕಾಣಿಸುವ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡುವುದರಿಂದ ನಿರ್ಣಯ ಬರುವ ಭರವಸೆ ನನಗೆ ಕಡಿಮೆ, ಏಕೆಂದರೆ ಅದರ ಮೇಲ್ಮೈ ಸಾಕಷ್ಟು ಸವೆದಿದೆ. ಗುಹಾಕರಡಿಗಳೂ ಮಾಂಸಾಹಾರಿ ಪ್ರಾಣಿಗಳೂ ಬೀಡುಬಿಡದ, ನಿಯಾಂಡರ್ತಾಲರು ಮಾತ್ರ ವಾಸಿಸಿದ್ದ ಬಯಲು ನೆಲೆಯೊಂದರಲ್ಲಿ ಇದೇ ರೀತಿಯ ಎರಡನೆಯ ಮೂಳೆ ಸಿಕ್ಕಬೇಕು, ಅದರ ಊದುವ ಅಂಚು ತುಟಿ ತಾಗಿ ನುಣುಪಾಗಿರಬೇಕು, ಇಲ್ಲವೇ ಒಳಗಿನ ಸ್ಪಂಜುಮೂಳೆಯನ್ನು ಉಪಕರಣದಿಂದ ಕೆರೆದು ತೆಗೆದ ಗುರುತಿರಬೇಕು. ಅಂತಹ ಒಂದು ತುಂಡು ಸಿಕ್ಕ ದಿನ, ಲ್ಯುಬ್ಲಿಯಾನಾದ ಮೂಳೆಯನ್ನು ಕೊಳಲೆಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇರುವುದಿಲ್ಲ.